ಮುಖ ತೋರ್ಸವಾ, ಹಿಟ್ಟು ಒಯ್ಯವಾ

2025ರ ಜುಲೈ 1ರಿಂದ ಅಂಗನವಾಡಿಯ ಪುಷ್ಟಿ ಹಿಟ್ಟಿನ ಪಾಕೀಟು ಮನೆಗೆ ಒಯ್ಯಬೇಕಾದರೆ ಕೇಂದ್ರದ ಪೋಷಣ್ ಟ್ರ್ಯಾಕರ್ ಆ್ಯಪಿನಲ್ಲಿ ಆಧಾರ್ ಫೋಟೋದ ಜೊತೆ ಮುಖ ಹೊಂದಿಸುವುದು ಕಡ್ಡಾಯ. ಬ್ಯಾಂಕಿನ ಲಾಕರಿನಲ್ಲಿಟ್ಟ ಬಂಗಾರ ತೆಗೆಯಲು ಒಂದು ಸಹಿ, ಒಂದು ಕೀಲಿ ಸಾಕು. ಹಿಟ್ಟಿನ ಪಾಕೀಟಿಗೆ ಆಧಾರ್ ಬೇಕು, ಓಟಿಪಿ ಬೇಕು, ಮುಖ ಬೇಕು, ಮುಖದಲ್ಲಿರುವ ಕಣ್ಣು ಮಿಟುಕಲೂ ಬೇಕು. ಬಂಗಾರಕ್ಕಿಂತ ಅನ್ನ ದೊಡ್ಡದು ಎಂದು ಹಿರಿಯರು ಹೇಳಿದ್ದನ್ನು ಸರ್ಕಾರ ಇಷ್ಟು ಮನಸ್ಸಿಗೆ ಹಚ್ಚಿಕೊಂಡೀತೆಂದು ಯಾರೂ ಎಣಿಸಿರಲಿಲ್ಲ.

ಬ್ಯಾಡಗಿ ಕಡೆಯ ಯಾವುದಾದರೂ ಅಂಗನವಾಡಿಗೆ ಹೋಗಿ ನೋಡಿ. ಅಕ್ಕೋರು, ಅಂದರೆ ಅಂಗನವಾಡಿ ಕಾರ್ಯಕರ್ತೆ, ಮೊಬೈಲ್ ಹಿಡಿದು ಬೇವಿನ ಗಿಡದ ಬುಡಕ್ಕೆ ಬಂದು ನಿಂತಿರುತ್ತಾರೆ, ಯಾಕೆಂದರೆ ಒಳಗೆ ನೆಟ್‌ವರ್ಕ್ ಇಲ್ಲ. ಹುಡುಗರೆಲ್ಲ ಆಯಾನ ವಶ. ಎದುರಿಗೆ ಏಳು ತಿಂಗಳ ಕೂಸಿನ ತಾಯಿ, ಅರ್ಧ ದಿನದ ಕೂಲಿ ಬಿಟ್ಟು ಮೆಣಸಿನಕಾಯಿ ಗೋದಾಮಿನಿಂದ ಓಡಿ ಬಂದವಳು. ಬೆನ್ನಿಗೆ ಅತ್ತೆ.

"ಕಣ್ ಮಿಟಕಸವಾ ತಂಗಿ."

ಮಿಟುಕಿಸಿದಳು. ಒಂದು ಸಲವೇ? ಬೆಳಗಿನಿಂದ ಮೆಣಸಿನಕಾಯಿ ತೊಟ್ಟು ಬಿಡಿಸಿದ ಕೈ, ಅದೇ ಕೈಯಿಂದ ಒರೆಸಿಕೊಂಡ ಕಣ್ಣು.

"ಇಷ್ಟ್ ಬ್ಯಾಡ, ಒಮ್ಮೆ ಸಾಕು."

"ನಾ ಏನ್ ಮಾಡ್ಲ್ರೀ ಅಕ್ಕೋರ, ತಾವ ಹೊಡ್ಕೊಳ್ಳಾಕತ್ತಾವು."

ಮುಖ ಹೊಂದಲಿಲ್ಲ. ಆಧಾರ್‌ನಲ್ಲಿ ಇರುವುದು ಎಂಟನೇ ಇಯತ್ತೆಯ, ಎರಡು ಜಡೆಯ, ಗುಂಡು ಮುಖದ ಹುಡುಗಿ. ಕ್ಯಾಮೆರಾದ ಮುಂದೆ ಇರುವುದು ಆ ಹುಡುಗಿಯ ಮೂಳೆ.

"ಹಡದ ಮ್ಯಾಲ ಹೆಣ್ಮಕ್ಳ ಮುಖ ಬದಲಾಗತೈತಿ ಅಂತ ಡಿಲ್ಲಿಯವರಿಗೆ ಯಾರೂ ಹೇಳಿಲ್ಲೇನ್ರಿ?" ಎಂದಳು ಅತ್ತೆ. "ಸೊಸಿ ಗುರ್ತು ನನಗೈತಿ, ನಿಮಗೈತಿ, ಕೂಸಿಗೂ ಐತಿ."

"ಆ್ಯಪ್‌ಗ ಇಲ್ಲಬೇ ಯವ್ವಾ."

ಓಟಿಪಿಯದು ಇನ್ನೊಂದು ಪುರಾಣ. ಆಧಾರ್‌ಗೆ ಜೋಡಿಸಿದ ನಂಬರು ಗಂಡನದು, ಫೋನು ಗಂಡನ ಕಿಸೆಯಲ್ಲಿ, ಗಂಡ ಗೋವಾದ ಮಡಗಾಂವದಲ್ಲಿ ಸೆಂಟ್ರಿಂಗ್ ಕೆಲಸದಲ್ಲಿ. ಆತ ಮೂರನೇ ಅಂತಸ್ತಿನಿಂದ ಇಳಿದು ಬಂದು ಫೋನ್ ಎತ್ತುವಷ್ಟರಲ್ಲಿ ಓಟಿಪಿಯ ಆಯುಷ್ಯ ತೀರಿರುತ್ತದೆ. ವೇಳೆಗೆ ಎತ್ತಿದರೂ ಹೇಳುವುದಿಲ್ಲ. ಓಟಿಪಿ ಯಾರಿಗೂ ಹೇಳಬೇಡಿ ಎಂದು ಫೋನ್ ಹಚ್ಚಿದಾಗಲೆಲ್ಲ ಸರ್ಕಾರವೇ ಕಿವಿಯಲ್ಲಿ ಊದಿ ಕಲಿಸಿದೆ, ಆತ ಆಜ್ಞಾಧಾರಕ ಪ್ರಜೆ.

ಅಕ್ಕೋರನ್ನು ಬೈಯಬೇಡಿ. ಗೌರವಧನ ಎಣಿಸುವಾಗ ಅವರು ಸ್ವಯಂಸೇವಕಿ, ಕೆಲಸ ಹೇರುವಾಗ ಮಾತ್ರ ನೌಕರರು. ಜನಗಣತಿಯಿಂದ ಹಿಡಿದು ಓಟರ್ ಪಟ್ಟಿಯವರೆಗೆ ಯಾರ ಕೆಲಸವೂ ಅಲ್ಲದ್ದು ಕೊನೆಗೆ ಅವರ ಕೆಲಸ.

ಈ ಬುದ್ಧಿಯ ಪೂರಾ ಕೀರ್ತಿ ಡಿಲ್ಲಿಗೇ ಕೊಡಬಾರದು, ಬೆಂಗಳೂರಿನದೂ ಪಾಲಿದೆ. 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಶುರುವಾಯಿತು. ಗರ್ಭಿಣಿಗೆ, ಬಾಣಂತಿಗೆ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಒಳ್ಳೆಯ ಯೋಜನೆ, ಎರಡು ಮಾತಿಲ್ಲ. ಷರತ್ತು ಒಂದೇ, ಅಂಗನವಾಡಿಗೆ ಬಂದೇ ಉಣ್ಣಬೇಕಿತ್ತು. ನಮ್ಮ ಕಡೆ ಬಾಣಂತಿ ಎಂದರೆ ಕಿವಿಗೆ ಅರಳೆ, ತಲೆಗೆ ಸ್ಕಾರ್ಫು, ಹೊರಸಿನ ಕೆಳಗೆ ಕೆಂಡ, ಬಾಗಿಲಲ್ಲಿ ಗಾಳಿಯನ್ನೂ ತಡೆದು ವಿಚಾರಿಸುವ ಮುದುಕಿ. ಆಕೆ ಬಿಸಿಲಲ್ಲಿ ನಡೆದು ಬಂದು ಪಂಕ್ತಿಯಲ್ಲಿ ಕೂತು ಉಂಡು ಹೋಗಬೇಕೆಂದು ಬರೆದವರು ವಿಧಾನಸೌಧದಿಂದ ಇಳಿದು ಒಬ್ಬ ಅತ್ತೆಯನ್ನು ಕೇಳಿದ್ದರೂ ಸಾಕಿತ್ತು.

ಕೇಂದ್ರದ ಮಾತೃ ವಂದನಾ ಯೋಜನೆಯದು ಅದಕ್ಕಿಂತ ಚೆಂದ. ಮೊದಲ ಕೂಸಿಗೆ 5000 ರೂಪಾಯಿ, ಆದರೆ ತಾಯಿಗೆ ಹದಿನೆಂಟು ವರ್ಷ ಏಳು ತಿಂಗಳು ತುಂಬಿರಬೇಕು. ಹದಿನೇಳಕ್ಕೆ ಮದುವೆ ಮಾಡಿದವರು ಅಪ್ಪ, ಸೋದರಮಾವ, ಓಣಿಯ ಹಿರಿಯರು. ರೊಕ್ಕ ನಿಂತದ್ದು ಹುಡುಗಿಯದು. ಅಕ್ಕಿಕಾಳು ಹಾಕಿ ಬುಂದೆ ತಿಂದವರ ಮುಖಗಳೆಲ್ಲ ಮದುವೆ ವಿಡಿಯೋದಲ್ಲಿ ಸ್ಪಷ್ಟವಾಗಿವೆ. ಅವನ್ನು ಯಾವ ಆ್ಯಪೂ ಹೊಂದಿಸಿ ನೋಡಿಲ್ಲ.

ಸೆಪ್ಟೆಂಬರ್ ಬಂತೆಂದರೆ ಪೋಷಣ ಮಾಸ. ತೊಗರಿಬೇಳೆ, ಗಜ್ಜರಿ, ಮೆಂತೆ ಸೊಪ್ಪು ನೆಲಕ್ಕೆ ಸುರಿದು ರಂಗೋಲಿ, ಅದನ್ನು ದಾಟಿ ವೇದಿಕೆ ಹತ್ತುವ ಗಣ್ಯರು. ಸಾಮೂಹಿಕ ಕುಬಸಕ್ಕೆ ಗರ್ಭಿಣಿಯರು ಐದು ಮಂದಿ, ಹಸಿರು ಸೀರೆ ಒಂದು. ಒಬ್ಬಳ ಹೆಗಲಿಗೆ ಹೊದಿಸಿ ಫೋಟೋ, ತೆಗೆದು ಇನ್ನೊಬ್ಬಳಿಗೆ ಹೊದಿಸಿ ಫೋಟೋ. ಐದೂ ಫೋಟೋ ಸಂಜೆಯೊಳಗೆ ಅಪ್‌ಲೋಡ್. ಅತಿಥಿಗಳಿಗೆ ಶಾಲು, ಜೊತೆಗೆ ಸೇಬು, ದಾಳಿಂಬೆ ತುಂಬಿದ ಹಣ್ಣಿನ ಬುಟ್ಟಿ. ನಲವತ್ತು ನಿಮಿಷ ರಕ್ತಹೀನತೆಯ ಮೇಲೆ ಮಾತಾಡಿದವರಿಗೆ ದಾಳಿಂಬೆ ಬೇಕೇ ಬೇಕಲ್ಲ! ಕೇಳುತ್ತ ಕೂತವರಿಗೆ ಚಹಾ.

ಬುಟ್ಟಿಯ ದರ ನನಗೆ ಗೊತ್ತಿಲ್ಲ, ಕೂಸಿನ ದರ ಗೊತ್ತು. ಪೂರಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ, 2017ರಲ್ಲಿ ಗೊತ್ತು ಮಾಡಿದ್ದು, ಅರ್ಧ ಕೇಂದ್ರದ್ದು ಅರ್ಧ ರಾಜ್ಯದ್ದು. ತೀವ್ರ ಅಪೌಷ್ಟಿಕತೆ ಇರುವ ಕೂಸಿಗೆ 12. ಅಂದರೆ ಎಂಟರಲ್ಲಿ ಸೊರಗಿ ತೋರಿಸಿದರೆ ನಾಲ್ಕು ರೂಪಾಯಿ ಬಡ್ತಿ ಉಂಟು. ಅಳತೆ ಪಕ್ಕಾ ಇದೆ, ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಇರಬೇಕು. ಎಂಟು ರೂಪಾಯಿ ಹಿಡಿದು ಹುಬ್ಬಳ್ಳಿಯ ದುರ್ಗದ ಬೈಲಿಗೆ ಹೋದರೆ ಗಿರ್ಮಿಟ್ಟಿನ ವಾಸನೆ ಬಂದೀತು, ಪ್ಲೇಟು ಬಾರದು.

ಹುಬ್ಬಳ್ಳಿ ಎಂದಾಗ ನೆನಪಾಯಿತು. 2025ರ ಫೆಬ್ರುವರಿಯಲ್ಲಿ ಅಲ್ಲಿಯ ಗೋದಾಮೊಂದರ ಮೇಲೆ ದಾಳಿಯಾಗಿ, ಅಂಗನವಾಡಿಯ ಕೂಸುಗಳಿಗೂ ಬಾಣಂತಿಯರಿಗೂ ಸೇರಬೇಕಿದ್ದ ಆಹಾರದ ಚೀಲಗಳು ಸಿಕ್ಕವು. ಕೇಸು, ಬಂಧನ, ಪೇಪರಿನಲ್ಲಿ ಫೋಟೋ ಎಲ್ಲ ಆಯಿತು. ತಪ್ಪು ಯಾರದೆಂದು ಕೋರ್ಟು ಹೇಳಲಿ. ನನ್ನ ಕುತೂಹಲ ಬೇರೆ. ಅಷ್ಟು ಚೀಲಗಳು ಗಾಡಿ ಹತ್ತಿ, ಹಾಡಹಗಲೋ ನಡುರಾತ್ರಿಯೋ ಊರು ದಾಟಿ ಗೋದಾಮು ಸೇರಿದವಲ್ಲ, ದಾರಿಯಲ್ಲಿ ಒಬ್ಬರಾದರೂ ಓಟಿಪಿ ಕೇಳಬೇಡವೆ? ಇದಾಗಿ ಐದು ತಿಂಗಳಿಗೆ ಮುಖದ ನಿಯಮ ಬಂತು. ಬಂದದ್ದು ಪಾಕೀಟು ಒಯ್ಯುವವಳಿಗೆ. ಲೋಡುಗಟ್ಟಲೆ ಒಯ್ಯುವವನ ಮುಖ ಈಗಲೂ ಅವನ ಖಾಸಗಿ ವಿಷಯ.

ಈ ಸುದ್ದಿ ಬೇವಿನ ಗಿಡದ ಬುಡಕ್ಕೂ ಮುಟ್ಟಿತ್ತು. ಸೊಸೆಯ ಕಣ್ಣಿಗೆ ನೀರು ಚಿಮುಕಿಸುತ್ತ ಅತ್ತೆ ಕೇಳಿದಳು:

"ಆ ಚೀಲಕ್ಕ ಕಣ್ ಮಿಟಕಸ ಅಂತ ಯಾರೂ ಅನ್ನಲಿಲ್ಲೇನ್ರಿ ಅಕ್ಕೋರ?"

ಅಕ್ಕೋರು ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಚೀಲದ್ದು ಆಪ್ಶನ್ ಇಲ್ಲಬೇ ಯವ್ವಾ. ಮುಂದಿನ ಅಪ್‌ಡೇಟ್‌ನ್ಯಾಗ ಬರಬಹುದು. ತಂಗಿ, ಗದ್ದ ಸ್ವಲ್ಪ ಮ್ಯಾಲ ಎತ್ತವಾ."