ಎರಡು ಗಡಿಯಾರ, ಮೂವರು ಅರಸರು

ಪ್ರವಾಸಿ ಮಾಹಿತಿ ಕೇಂದ್ರವನ್ನು ಎಲ್ಲಿ ತೆರೆಯಬೇಕೆಂಬ ಮಾತು ಬಂದಾಗಲೆಲ್ಲ ದೊಡ್ಡವರು ಮೊದಲು ವಿಚಾರಿಸುವುದು ಯಾವ ಸರ್ಕಾರಿ ಕಟ್ಟಡ ಖಾಲಿ ಬಿದ್ದಿದೆ ಎಂಬುದನ್ನು. ಆ ಕಡೆ ಯಾರೂ ಸುಳಿಯುವುದಿಲ್ಲವೆಂಬ ಕಾರಣಕ್ಕೇ ಕಟ್ಟಡ ಖಾಲಿ ಬಿದ್ದಿರುತ್ತದೆ. ಅದನ್ನು ಹುಡುಕಿಕೊಂಡು ಹೋಗಬಲ್ಲಷ್ಟು ಊರು ತಿಳಿದವನಿಗೆ ಮಾಹಿತಿಯ ಅಗತ್ಯವೇ ಇರುವುದಿಲ್ಲ. ನನ್ನ ಸಿದ್ಧಾಂತ ಬೇರೆ: ಬಂದವರು ಎಲ್ಲಿ ದಾರಿ ತಪ್ಪುತ್ತಾರೋ ಅಲ್ಲಿಯೇ ಕೇಂದ್ರವಿರಬೇಕು. ಮೈಸೂರಿನ ಮಟ್ಟಿಗೆ ಆ ಜಾಗವನ್ನು ನಾನು ಬೆರಳಿಟ್ಟು ತೋರಿಸಬಲ್ಲೆ. ನಮ್ಮ ಭಾವನವರ ವಾಚ್ ರಿಪೇರಿ ಅಂಗಡಿ ದೊಡ್ಡ ಗಡಿಯಾರದ ಸಮೀಪದಲ್ಲಿದ್ದು, ನಿವೃತ್ತನಾದ ಮೇಲೆ ಅಲ್ಲಿ ಕೂರುವ ನಾನು ಸಂಬಳವಿಲ್ಲದ ಮಾಹಿತಿ ಅಧಿಕಾರಿಯಾಗಿಬಿಟ್ಟಿದ್ದೇನೆ.

ನಮ್ಮ ಊರಿನ ಮುಖ್ಯ ತೊಂದರೆಯೆಂದರೆ ಗುರುತು ಹೇಳಲು ಬೇಕಾದ ವಸ್ತುಗಳೆಲ್ಲ ಇಲ್ಲಿ ಒಂದಕ್ಕಿಂತ ಹೆಚ್ಚಾಗಿರುವುದು. ಕೃಷ್ಣರಾಜ ವೃತ್ತದಲ್ಲಿ ನಾಲ್ವಡಿಯವರು, ಅರಮನೆಯ ಉತ್ತರ ದ್ವಾರದೆದುರು ಅವರ ತಂದೆ ಚಾಮರಾಜೇಂದ್ರ ಒಡೆಯರು, ಹಾರ್ಡಿಂಜ್ ವೃತ್ತದಲ್ಲಿ ಜಯಚಾಮರಾಜೇಂದ್ರ ಒಡೆಯರು, ಮೂವರೂ ಮಂಟಪದ ನೆರಳಿನಲ್ಲಿ, ವಾಹನಗಳ ನಡುವೆ, ಕೆಲವೇ ನಿಮಿಷಗಳ ನಡಿಗೆಯ ಅಂತರದಲ್ಲಿ ನಿಂತಿದ್ದಾರೆ. ಮದುವೆಗೆಂದು ಬಂದ ಹುಬ್ಬಳ್ಳಿಯ ಬೀಗರು ಫೋನ್ ಮಾಡಿ, "ಇಲ್ಲೇ ರಾಜರ ಮೂರ್ತಿ ಮುಂದ ನಿಂತೀವಿ ನೋಡ್ರಿ, ಲಗೂ ಬರ್ರಿ" ಎಂದರು. ಯಾವ ರಾಜರು ಎಂದು ಕೇಳಿದೆ. "ಪೇಟ ಸುತ್ತಿದವರು" ಎಂಬ ಉತ್ತರ ಬಂತು. ನಾನು ಕೃಷ್ಣರಾಜ ವೃತ್ತಕ್ಕೆ ಹೋದೆ. ಅವರು ಚಾಮರಾಜ ವೃತ್ತದಲ್ಲಿದ್ದರು. ನಾನು ಅಲ್ಲಿಗೆ ಧಾವಿಸುವಷ್ಟರಲ್ಲಿ, ಹಿರಿಯರನ್ನು ಕಾಯಿಸಬಾರದೆಂಬ ಸೌಜನ್ಯದಿಂದ ಅವರೇ ನನ್ನನ್ನು ಹುಡುಕುತ್ತ ಹಾರ್ಡಿಂಜ್ ವೃತ್ತ ಸೇರಿದ್ದರು. ಮೂರು ತಲೆಮಾರಿನ ಅರಸರಿಗೆ ಪ್ರದಕ್ಷಿಣೆ ಹಾಕಿ ನಾವು ಛತ್ರ ಮುಟ್ಟುವ ಹೊತ್ತಿಗೆ ಧಾರೆ ಮುಗಿದು ಎರಡನೆಯ ಪಂಕ್ತಿ ಎದ್ದಿತ್ತು.

ಗಡಿಯಾರಗಳದ್ದೂ ಇದೇ ಕಥೆ. ದೇವರಾಜ ಮಾರುಕಟ್ಟೆಯ ಬಳಿ ಚಿಕ್ಕ ಗಡಿಯಾರ. ಪುರಭವನದ ಹತ್ತಿರ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಎದ್ದ ದೊಡ್ಡ ಗಡಿಯಾರ. ಗಂಡ ಒಂದರ ಕೆಳಗೆ, ಹೆಂಡತಿ ಇನ್ನೊಂದರ ಕೆಳಗೆ ಕಾದು, ಕೊನೆಗೆ ಭೇಟಿಯಾದಾಗ ಆಡುವ ಮಾತುಗಳನ್ನು ನಾನು ಹಲವು ಭಾಷೆಗಳಲ್ಲಿ ಕೇಳಿದ್ದೇನೆ. ದೊಡ್ಡ ಗಡಿಯಾರದ ಮೇಲಿರುವುದು ಕನ್ನಡದ ಅಂಕಿಗಳಾದ್ದರಿಂದ, ಅದರ ಬುಡದಲ್ಲಿಯೇ ನಿಂತು ನನ್ನನ್ನು ಗಂಟೆ ಕೇಳುವವರಿದ್ದಾರೆ. ಅವರಲ್ಲಿ ಕನ್ನಡಿಗರೂ ಇದ್ದಾರೆಂಬುದನ್ನು ಇಲ್ಲಿ ಬೆಳೆಸುವುದು ಬೇಡ.

ಕೇಂದ್ರವು ರೈಲು ನಿಲ್ದಾಣದಲ್ಲಿರಲಿ ಎನ್ನುವವರುಂಟು. ಆದರೆ ರೈಲಿಳಿದವನ ಎರಡೂ ಕೈಗಳಲ್ಲಿ ಸಾಮಾನು, ಕಂಕುಳಲ್ಲಿ ಮಗು, ಸುತ್ತ ಆಟೋದವರು. ಆ ಸ್ಥಿತಿಯಲ್ಲಿ ಅವನಿಗೆ ಬೇಕಾದದ್ದು ಮಾಹಿತಿಯಲ್ಲ, ಬಿಡುಗಡೆ. ಅರಮನೆಯ ಒಳಗಿರಲಿ ಎನ್ನುವುದು ಇನ್ನೊಂದು ವಾದ. ಟಿಕೆಟ್ ಕೊಂಡು, ಚಪ್ಪಲಿ ಬಿಟ್ಟು ಒಳಗೆ ಹೋದವನು ಅರಮನೆಗೆ ದಾರಿ ಯಾವುದೆಂದು ಕೇಳುವ ಸಂಭವ ಕಡಿಮೆ.

ಸರಿಯಾದ ಜಾಗವೆಂದರೆ ಅರಮನೆಯ ಉತ್ತರಕ್ಕಿರುವ ಬಲರಾಮ ದ್ವಾರದ ಆಸುಪಾಸು, ಕೋಟೆ ಆಂಜನೇಯನ ಗುಡಿಯ ಬಳಿ. ನಗರ ಬಸ್ ನಿಲ್ದಾಣದಲ್ಲಿ ಇಳಿದವರು ಮೊದಲು ಕಾಣುವ ಹೆಬ್ಬಾಗಿಲು ಅದೇ. ಆದರೆ ಸಾಮಾನ್ಯ ದಿನಗಳಲ್ಲಿ ಪ್ರವಾಸಿಗರಿಗೆ ಪ್ರವೇಶವಿರುವುದು ದಕ್ಷಿಣದ ವರಾಹ ದ್ವಾರದಿಂದ. ಅಲ್ಲಿಗೆ ಹೋಗಲು ಕೋಟೆಗೋಡೆಯನ್ನು ಅರ್ಧ ಸುತ್ತಬೇಕು. ಮುಚ್ಚಿದ ಬಾಗಿಲಿನೆದುರು ಕುಟುಂಬ ಸಮೇತ ಬೆಪ್ಪಾಗಿ ನಿಂತವನ ಬಳಿ ಆಗ ಒಬ್ಬ ಪರೋಪಕಾರಿ ಪ್ರತ್ಯಕ್ಷನಾಗುತ್ತಾನೆ. "ಅರಮನೆ ತೆರೆಯುವುದು ಮಧ್ಯಾಹ್ನದ ಮೇಲೆ ಸಾರ್, ಒಳಗೆ ಪೂಜೆ ನಡೆಯುತ್ತಿದೆ, ಅಷ್ಟರಲ್ಲಿ ಗಂಧದೆಣ್ಣೆ ಮಾಡುವುದನ್ನು ತೋರಿಸುತ್ತೇನೆ" ಎನ್ನುತ್ತಾನೆ. ಅರಮನೆ ಬೆಳಗ್ಗೆ 10ಕ್ಕೇ ತೆರೆದಿರುತ್ತದೆ. ಆದರೂ ಈ ಪರೋಪಕಾರಿಯ ಸ್ಥಳಜ್ಞಾನವನ್ನು ನಾನು ಮನಸಾರೆ ಮೆಚ್ಚುತ್ತೇನೆ: ಯಾವ ಸಮಿತಿಯನ್ನೂ ನೇಮಿಸದೆ, ಯಾವ ಸಮೀಕ್ಷೆಯನ್ನೂ ಮಾಡಿಸದೆ, ಪ್ರವಾಸಿಗೆ ಗೊಂದಲ ಹುಟ್ಟುವ ಬಿಂದುವನ್ನು ಕಂಡುಕೊಂಡು ಅಲ್ಲಿಯೇ ನೆಲೆ ನಿಂತಿದ್ದಾನೆ. ಅವನ ಪಕ್ಕದಲ್ಲೊಂದು ಮೇಜು, ಎರಡು ಕುರ್ಚಿ ಹಾಕಿ, ಮಂಗಳವಾರ ಮೃಗಾಲಯಕ್ಕೆ ರಜೆ ಎಂಬುದನ್ನು ದಪ್ಪ ಅಕ್ಷರಗಳಲ್ಲಿ ಬರೆಸಿದರೆ ಅರ್ಧ ಕೆಲಸ ಮುಗಿದಂತೆ.

ಇಷ್ಟನ್ನೂ ಒಂದು ಮನವಿಯಾಗಿ ಬರೆದು ಭಾವನವರಿಗೆ ತೋರಿಸಿದೆ. ಭೂತಗನ್ನಡಿಯನ್ನು ಕಣ್ಣಿನಿಂದ ತೆಗೆಯದೆಯೇ ಓದಿದ ಅವರು, "ಜಾಗ ಚೆನ್ನಾಗಿಯೇ ಇದೆಯಪ್ಪಾ, ಆದರೆ ನಮ್ಮ ಅಂಗಡಿಗೆ ತೀರ ಹತ್ತಿರವಾಯಿತು. ದಾರಿ ಕೇಳಲು ಬಂದವರು ದಾಕ್ಷಿಣ್ಯಕ್ಕಾದರೂ ಒಂದು ವಾಚಿನ ಬೆಲ್ಟ್ ಕೊಂಡು ಹೋಗುತ್ತಾರೆ. ಚಿಕ್ಕ ಗಡಿಯಾರದ ಹತ್ತಿರ ಎಂದು ತಿದ್ದಿ ಕೊಡು, ನಾನೂ ಸಹಿ ಹಾಕುತ್ತೇನೆ" ಎಂದರು.