ನಿಧಾನ ಹೋದರೆ ತಲೆಬಿಸಿ

ಓಡಿದರೆ ಯಾರಿಗಾದರೂ ಬಿಸಿಯಾಗುತ್ತದೆ. ಮನುಷ್ಯನಿಗೆ, ಎತ್ತಿಗೆ, ಘಟ್ಟ ಹತ್ತುವ ಲಾರಿಗೆ. ನಮ್ಮ ದೋಣಿಯ ಇಂಜಿನ್ ಮಾತ್ರ ಉಲ್ಟಾ. ಜೋರಾಗಿ ಓಡಿಸಿದರೆ ತಣ್ಣಗಿರುತ್ತದೆ. ಮೆಲ್ಲಗೆ ಬಿಟ್ಟರೆ ತಲೆ ಕಾಯಿಸಿಕೊಂಡು ಪೀಂ ಎಂದು ಕಿರುಚುತ್ತದೆ.

ನಮ್ಮದು ಹೊನ್ನಾವರ. ಶರಾವತಿ ಸಮುದ್ರ ಸೇರುವ ಅಳಿವೆ ಮನೆಯಿಂದ ದೂರವೇನಿಲ್ಲ. ಫೈಬರಿನ ಸಣ್ಣ ದೋಣಿ ಇದೆ. ಅದರ ಹಿಂದೆ ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಇಂಜಿನ್, ಅಂದರೆ ದೋಣಿಯ ಹೊರಗೆ ತೂಗುಹಾಕುವಂಥದ್ದು, ನಾಲ್ಕು ಸ್ಟ್ರೋಕಿನದು, 9.9 ಎಚ್‌ಪಿ. ಚಪ್ಪಲಿ ಅಂಗಡಿಯವರು ರೇಟು ಬರೆದ ಹಾಗಿದೆಯಲ್ಲ ಎಂದು ಭಾವ ನಗುತ್ತಾನೆ. ನಗಲಿ. ಜೂನ್ 1ರಿಂದ ಜುಲೈ 31ರ ತನಕ ದೊಡ್ಡ ಬೋಟುಗಳೆಲ್ಲ ಕಟ್ಟಿಹಾಕಿಕೊಂಡು ನಿಂತಾಗ, 10 ಎಚ್‌ಪಿ ದಾಟದ ಇಂಜಿನ್ನಿನ ನಾಡದೋಣಿಗೆ ಮೀನು ಹಿಡಿಯಲು ಅವಕಾಶ ಇರುತ್ತದೆ. ಹಾಗಾಗಿ ನಮ್ಮ ಕಡೆ 9.9ಕ್ಕೆ ಮರ್ಯಾದೆ ಜಾಸ್ತಿ.

ಮೀನಿಗೆ ಹೋಗುವಾಗ ಇದರ ರೋಗ ಗೊತ್ತಾಗಿರಲಿಲ್ಲ. ಮೀನಿಗೆ ಹೋಗುವವರು ನಿಧಾನ ಯಾಕೆ ಹೋಗುತ್ತಾರೆ? ರೋಗ ಬಯಲಾದದ್ದು ಭಾವನ ಕಡೆಯ ನೆಂಟರು ಬೆಂಗಳೂರಿನಿಂದ ಬಂದಾಗ. ಅವರಿಗೆ ಕಾಂಡ್ಲಾ ಕಾಡು, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಮ್ಯಾಂಗ್ರೋವ್, ನೋಡಬೇಕಿತ್ತು. ಬರೀ ನೋಡುವುದಲ್ಲ, ಬೇರು ಬೇರಿಗೂ ಫೋಟೋ ತೆಗೆಯಬೇಕಿತ್ತು. “ಸ್ವಲ್ಪ ನಿಧಾನ, ಸ್ವಲ್ಪ ನಿಧಾನ” ಎಂದರು. ನಿಧಾನ ಮಾಡಿದೆ. ಒಂದು ಬೆಳ್ಳಕ್ಕಿ ಕೊಂಬೆಯ ಮೇಲೆ ಬಹಳ ಚಂದ ಕುತ್ತಿಗೆ ಓರೆ ಮಾಡಿ ಕೂತಿತ್ತು. ಎಲ್ಲರೂ ಮೊಬೈಲ್ ಎತ್ತಿದರು. ಆಗ ಪೀಂ. ಬೆಳ್ಳಕ್ಕಿ ಹಾರಿಹೋಯಿತು.

ವೇಗ ಏರಿಸಿದೆ. ಸ್ವಲ್ಪ ಹೊತ್ತಿಗೆ ಪೀಂ ನಿಂತಿತು. ಮತ್ತೆ ನಿಧಾನ ಮಾಡಿದರೆ ಮತ್ತೆ ಪೀಂ. ಕೊನೆಗೆ ಉಳಿದ ಕಾಂಡ್ಲಾ ಕಾಡನ್ನು ಪೂರ್ತಿ ವೇಗದಲ್ಲೇ ತೋರಿಸಿಬಿಟ್ಟೆ. ಅತ್ತೆ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಚೌಳಿಕಾಯಿ ಚಿಪ್ಸಿನ ಪೊಟ್ಟಣ ಹಿಡಿದು ಕಣ್ಣು ಮುಚ್ಚಿಕೊಂಡಿದ್ದರು. ಫೋಟೋಗಳಲ್ಲಿ ಹಸಿರು ಗೆರೆ ಮಾತ್ರ ಬಂದಿದೆ. ಕೊಂಕಣ ರೈಲ್ವೆಯ ಸೇತುವೆ, 2065 ಮೀಟರ್ ಉದ್ದದ್ದು, ಅದೊಂದು ಚೆನ್ನಾಗಿ ಬಂದಿದೆ. ಅಷ್ಟು ಉದ್ದ ಇದ್ದರೆ ಎಷ್ಟು ವೇಗದಲ್ಲಿ ಹೋದರೂ ಫೋಟೋದಲ್ಲಿ ಎಲ್ಲಾದರೂ ಸಿಕ್ಕೇ ಸಿಗುತ್ತದೆ.

ದೋಣಿ ಕಟ್ಟುವ ಧಕ್ಕೆ ಹತ್ತಿರ ಬರುವಾಗ ನಿಧಾನ ಮಾಡಲೇಬೇಕಲ್ಲ? ಇಂಜಿನ್ ಬಂದ್ ಮಾಡಿ ಭಾವನ ಕೈಗೆ ಹುಟ್ಟು ಕೊಟ್ಟೆ. ಇಳಿತದ ನೀರು ನಮ್ಮನ್ನು ಅರಬ್ಬಿ ಸಮುದ್ರದ ಕಡೆಗೆ ಎಳೆಯುತ್ತಿತ್ತು. ಭಾವ ಐಟಿಯವನು. ಅವನು ಹುಟ್ಟು ಹಾಕಿದ್ದನ್ನು ನೋಡಿ, ಅಮೆರಿಕದ ಓಲೆ ಎವಿನ್‌ರೂಡ್ ನೆನಪಾದ. 1909ರಲ್ಲಿ ಔಟ್‌ಬೋರ್ಡ್ ಮೋಟಾರಿನ ವ್ಯಾಪಾರ ಶುರು ಮಾಡಿದವನು. ಹುಡುಗಿಗೆ ಐಸ್‌ಕ್ರೀಮ್ ತರಲು ಸೆಕೆಯಲ್ಲಿ ಸರೋವರದಾಚೆಗೆ ಹುಟ್ಟು ಹಾಕಿಕೊಂಡು ಹೋದನಂತೆ, ತರುವಷ್ಟರಲ್ಲಿ ಐಸ್‌ಕ್ರೀಮ್ ಕರಗಿತ್ತಂತೆ, ಅದರಿಂದ ಈ ಯೋಚನೆ ಬಂತಂತೆ. ನಿಜವೋ ಕಟ್ಟುಕಥೆಯೋ, ಭಾವನಿಗೆ ಹೇಳಿದೆ. ಅವನಿಗೆ ನಗು ಬರಲಿಲ್ಲ.

ಧಕ್ಕೆಯಲ್ಲಿ ಇಂಜಿನ್ ಕೆಟ್ಟ ಸುದ್ದಿಗೆ ಜನ ಸೇರುವ ವೇಗ ನೋಡಬೇಕು. ಎಲ್ಲರದ್ದೂ ಒಂದೇ ಪ್ರಶ್ನೆ: “ಉಚ್ಚೆ ಹೊಯ್ತದಾ?”

ಅಪಾರ್ಥ ಬೇಡ. ಔಟ್‌ಬೋರ್ಡ್ ಇಂಜಿನ್ನಿಗೆ ರೇಡಿಯೇಟರ್ ಇರುವುದಿಲ್ಲ. ಕೆಳಗೆ ನೀರಲ್ಲಿ ಮುಳುಗಿದ ಭಾಗದಿಂದ ಹೊಳೆಯ ನೀರನ್ನೇ ಎಳೆದುಕೊಂಡು, ಮೈಯೆಲ್ಲ ಸುತ್ತಿಸಿ, ಹೊರಗೆ ಬಿಡುತ್ತದೆ. ಅದರಲ್ಲಿ ಸ್ವಲ್ಪ ನೀರು ಪಕ್ಕದ ಸಣ್ಣ ತೂತಿನಿಂದ ಚಿರ್ ಎಂದು ಹೊರಗೆ ಬೀಳುತ್ತದೆ. ಪಂಪ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದೇ ಗುರುತು. ದೋಣಿ ಇರುವವರು ದಿನಕ್ಕೆ ಎಷ್ಟೋ ಸಲ ಹಿಂದೆ ತಿರುಗಿ ಅದನ್ನೇ ನೋಡುತ್ತಿರುತ್ತಾರೆ. ಮಗು ಹುಷಾರಿಲ್ಲದಾಗ ಡಾಕ್ಟರು ಕೇಳುವ ಮೊದಲ ಪ್ರಶ್ನೆಯೂ ಇದೇ ಅಲ್ವಾ?

ನಮ್ಮದರಲ್ಲಿ ಹನಿ ಹನಿ ಬೀಳುತ್ತಿತ್ತು. ಒಬ್ಬರು ಹಿಡಿಸೂಡಿಯ ಕಡ್ಡಿ ತಂದು ತೂತಿಗೆ ಹಾಕಿ ತಿರುವಿದರು. ಮರಳು ಬಂತು. ಇನ್ನೊಬ್ಬರು ಇಂಜಿನ್ ಎತ್ತಿಸಿ, ನೀರು ಎಳೆಯುವ ಜಾಲರಿಗೆ ಅಂಟಿದ್ದ ಪ್ಲಾಸ್ಟಿಕ್ ಚೀಲ ಕಿತ್ತು, “ನೋಡು, ಇದೇ!” ಎಂದು ಎತ್ತಿ ತೋರಿಸಿದರು. ಚಪ್ಪಾಳೆಯೊಂದು ಬಾಕಿ. ಮತ್ತೆ ಇಂಜಿನ್ ಹಾಕಿದೆವು. ಹನಿ ಹೋಗಿ ಸಣ್ಣ ದಾರ ಬಂತು. ಮೆಲ್ಲಗೆ ಒಂದು ಸುತ್ತು ಹೊಡೆದೆವು. ಪೀಂ.

ಆಮೇಲೆ ಮೆಕ್ಯಾನಿಕ್ ಬಂದ. ಇವನು ಮಾತು ಕಡಿಮೆ, ಕವಳ ಜಾಸ್ತಿ. “ಇಂಪೆಲ್ಲರ್” ಎಂದ, ಉಗಿದ, ಸ್ಪ್ಯಾನರ್ ಕೈಗೆತ್ತಿಕೊಂಡ. ಅವನ ಲೆಕ್ಕ ಸರಿಯೇ ಇತ್ತು. ಕೆಳಗಿನ ಪಂಪಿನಲ್ಲಿ ರಬ್ಬರಿನ ಒಂದು ಚಕ್ರ ಇರುತ್ತದೆ, ಸುತ್ತ ರೆಕ್ಕೆಗಳು. ನಿಧಾನ ತಿರುಗುವಾಗ ಆ ರೆಕ್ಕೆಗಳು ಗೋಡೆಗೆ ಒತ್ತಿಕೊಂಡು ನೀರನ್ನು ಹಿಂಡಿ ಮೇಲೆ ದೂಡಬೇಕು. ಜೋರಾಗಿ ತಿರುಗುವಾಗ ರೆಕ್ಕೆ ಮಡಚಿಕೊಂಡರೂ ನಡೆಯುತ್ತದೆ, ತಿರುಗುವ ರಭಸಕ್ಕೇ ನೀರು ಏರುತ್ತದೆ. ಅಂದರೆ ರೆಕ್ಕೆ ಸವೆದ ಇಂಪೆಲ್ಲರ್ ಓಡುವಾಗ ಹೇಗೋ ಮಾನ ಉಳಿಸಿಕೊಳ್ಳುತ್ತದೆ, ನಿಧಾನದಲ್ಲಿ ಸಿಕ್ಕಿಬೀಳುತ್ತದೆ. ನೀರಿಲ್ಲದೆ ಇಂಜಿನ್ ಚಾಲೂ ಮಾಡಿದರಂತೂ ಸ್ವಲ್ಪ ಹೊತ್ತಿಗೇ ರಬ್ಬರ್ ಸುಟ್ಟು ಹಾಳಾಗುತ್ತದೆ. ಹಿಂದಿನ ಮಾಲೀಕ ಅಂಗಳದಲ್ಲಿ ನಿಲ್ಲಿಸಿಕೊಂಡು “ಕೇಳಿ, ಎಷ್ಟು ಸ್ಮೂತ್!” ಎಂದು ಚಾಲೂ ಮಾಡಿ ಕೇಳಿಸಿದ್ದು ನನಗೆ ಆಗ ನೆನಪಾಯಿತು.

ಕೆಳಗಿನ ಭಾಗ ಬಿಚ್ಚಿದ್ದಾಯಿತು. ಇಂಪೆಲ್ಲರನ್ನು ಶಾಫ್ಟಿಗೆ ಹಿಡಿದಿಡಲು ಅರ್ಧಚಂದ್ರದ ಒಂದು ಸಣ್ಣ ಕೀಲಿ ಇರುತ್ತದೆ. ಅದು ಬಿಚ್ಚುವಾಗ ಬೀಳಲೇಬೇಕು, ಬಿದ್ದದ್ದು ಸಿಗಬಾರದು, ಇದು ನಿಯಮ. ನಾವು ಕೂತದ್ದು ಮರಳಿನ ಮೇಲೆ. ಮನೆಮಂದಿಯೆಲ್ಲ ಮಂಡಿಯೂರಿ ಹುಡುಕಿದೆವು. ಒಂದು ಹಳೆಯ ಐದು ರೂಪಾಯಿ ನಾಣ್ಯ, ಯಾರದೋ ಗಾಳ, ಬಳಚಿನ ಚಿಪ್ಪು ಸಿಕ್ಕವು. ಕೊನೆಗೆ ಭಾವನ ಮಗ ಸ್ಪೀಕರಿನ ಅಯಸ್ಕಾಂತ ತಂದು ಮರಳಲ್ಲಿ ಎಳೆದ. ಅದಕ್ಕೂ ಸಿಗಲಿಲ್ಲ. ಕೀಲಿ ಮೆಕ್ಯಾನಿಕ್ಕಿನ ಲುಂಗಿಯ ಮಡಿಕೆಯಲ್ಲಿತ್ತು.

ಹೊಸ ಇಂಪೆಲ್ಲರ್ ಹಾಕಿದ ಮೇಲೆ ಉಚ್ಚೆಯೆಂದರೆ ಉಚ್ಚೆ! ಧಕ್ಕೆಯ ಮೇಲೆ ನಿಂತವರ ಕಾಲು ಒದ್ದೆಯಾಯಿತು. ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು. ನಾನು ನಿಧಾನವಾಗಿ, ಬಹಳ ನಿಧಾನವಾಗಿ, ಮಾವಿನಕುರ್ವೆ ಕಡೆಗೆ ಹೊರಟೆ.

ಪೀಂ.

ಸುದ್ದಿ ಕೇಳಿ ಚಿಕ್ಕಪ್ಪ ನೇರ ತೀರ್ಪು ಕೊಟ್ಟರು: “ಥರ್ಮೋಸ್ಟಾಟ್ ಕಿತ್ತು ಹೊಳೆಗೆ ಎಸಿ. ನಮ್ಮ ಸೆಕೆಗೆ ಅದು ಯಾಕೆ ಬೇಕು?” ಅವರ ಕಾಲದ ಎರಡು ಸ್ಟ್ರೋಕಿನ ಇಂಜಿನ್‌ಗಳಲ್ಲಿ ಎಷ್ಟೋ ಜನ ಹಾಗೇ ಮಾಡಿ ಬದುಕಿದ್ದಾರೆ. ಆದರೆ ಮೆಕ್ಯಾನಿಕ್ ಬೇಡವೆಂದ. ಥರ್ಮೋಸ್ಟಾಟ್ ಇಲ್ಲದೆ ನಾಲ್ಕು ಸ್ಟ್ರೋಕಿನದು ಸದಾ ತಣ್ಣಗೆ ಓಡಿದರೆ ಪೆಟ್ರೋಲ್ ಸರಿಯಾಗಿ ಉರಿಯದೆ ಕೆಳಗಿಳಿದು ಆಯಿಲ್‌ಗೆ ಸೇರುತ್ತದಂತೆ. ಆಯಿಲ್ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಬ್ಯಾಂಕಿನಲ್ಲಿ ಹಾಗಾದರೆ ಚೆನ್ನ, ಇಂಜಿನ್ನಿನಲ್ಲಿ ಅಲ್ಲ.

ಥರ್ಮೋಸ್ಟಾಟ್ ಎಂದರೆ ಹೆಬ್ಬೆರಳಿನಷ್ಟು ದೊಡ್ಡದೊಂದು ಬಾಗಿಲು. ಒಳಗಿನ ನೀರು ಬಿಸಿಯಾದಾಗ ತಾನಾಗಿ ತೆರೆದು ಹೊರಗೆ ಬಿಡುತ್ತದೆ. ಕಾರಿನಲ್ಲಿ ಇದು 80 ಡಿಗ್ರಿಯ ಮೇಲೆ ತೆರೆಯುತ್ತದೆ. ಔಟ್‌ಬೋರ್ಡಿನಲ್ಲಿ ಸಾಮಾನ್ಯವಾಗಿ 50ರಿಂದ 60 ಡಿಗ್ರಿ ಆಸುಪಾಸಿನಲ್ಲೇ. ಉಪ್ಪುನೀರು ಅದಕ್ಕಿಂತ ಕಾದರೆ ಒಳಗೆಲ್ಲ ಬಿಳಿ ಪದರ ಕಟ್ಟುತ್ತದೆ. ನಮ್ಮದರಲ್ಲಿ ಕಟ್ಟಿತ್ತು. ಬಿಚ್ಚಿ ನೋಡಿದರೆ ಥರ್ಮೋಸ್ಟಾಟ್ ಕಾಣುವುದೇ ಇಲ್ಲ, ಉಪ್ಪಿನ ಹರಳು ಕಾಣುತ್ತದೆ.

ಆದರೂ ಪರೀಕ್ಷೆ ಮಾಡಿಯೇ ನೋಡಬೇಕೆಂದು ಭಾವ ಹಟ ಹಿಡಿದ. ವಿಧಾನ ಮೆಕ್ಯಾನಿಕ್ ಹೇಳಿದ. ಬಾಗಿಲ ಸಂದಿಗೆ ದಾರ ಸಿಕ್ಕಿಸಿ, ಬಿಸಿನೀರಿನಲ್ಲಿ ತೂಗಾಡಿಸಬೇಕು. ಬಾಗಿಲು ತೆರೆದರೆ ದಾರ ಬಿಟ್ಟುಕೊಂಡು ಥರ್ಮೋಸ್ಟಾಟ್ ಕೆಳಗೆ ಬೀಳುತ್ತದೆ. ಆಗ ಎಷ್ಟು ಡಿಗ್ರಿ ಎಂದು ನೋಡಿದರಾಯಿತು. ಭಾವ ಜ್ವರ ನೋಡುವ ಥರ್ಮಾಮೀಟರ್ ತಂದ. ಅದು 42 ಡಿಗ್ರಿಗೆ ಮುಗಿದುಹೋಗುತ್ತದೆ. ಪಕ್ಕದ ಮನೆಯ ವಿಜ್ಞಾನದ ಮೇಷ್ಟ್ರು ಉದ್ದನೆಯದೊಂದು ಕೊಟ್ಟರು, ಕೊಟ್ಟು ಅವರೂ ಜೊತೆಗೇ ಬಂದರು.

ಅಮ್ಮನ ಅಡುಗೆಮನೆಯಲ್ಲಿ, ಅಮ್ಮನ ಸಾರಿನ ಪಾತ್ರೆಯಲ್ಲಿ, ಅಮ್ಮನ ಹೂ ಕಟ್ಟುವ ದಾರದಲ್ಲಿ ಥರ್ಮೋಸ್ಟಾಟ್ ನೇತಾಡಿತು. 60 ಆಯಿತು. 70 ಆಯಿತು. ಯಾರೂ ಉಸಿರು ಬಿಡಲಿಲ್ಲ. 80. ಮೇಷ್ಟ್ರು ಕನ್ನಡಕ ಒರೆಸಿಕೊಂಡರು, ಆವಿ ಹಿಡಿದಿತ್ತು. ನೀರು ಕೊತಕೊತ ಕುದಿಯಿತು. ಅದು ಬೀಳಲಿಲ್ಲ. ಹೊಸದನ್ನು ತರಿಸಿ ಕಟ್ಟಿದಾಗ 60 ಮುಟ್ಟುವ ಮೊದಲೇ ಟಣ್ ಎಂದು ತಳಕ್ಕೆ ಬಿತ್ತು. ಅಷ್ಟು ಸಂತೋಷ ನಮಗೆ ಭಾವನ ಪ್ರಮೋಷನ್ನಿಗೂ ಆಗಿರಲಿಲ್ಲ.

ಹಾಗಾದರೆ ಓಡುವಾಗ ಯಾಕೆ ತಣ್ಣಗಿತ್ತು? ಇಂಥ ಎಷ್ಟೋ ಇಂಜಿನ್‌ಗಳಲ್ಲಿ ಹಿಂಬಾಗಿಲೊಂದು ಇರುತ್ತದೆ, ಸ್ಪ್ರಿಂಗ್ ಹಾಕಿದ ವಾಲ್ವ್. ವೇಗ ಜಾಸ್ತಿಯಾದಾಗ ಪಂಪಿನ ಒತ್ತಡಕ್ಕೆ ಅದು ತೆರೆದುಕೊಂಡು, ಥರ್ಮೋಸ್ಟಾಟನ್ನು ಕೇಳದೆಯೇ ನೀರನ್ನು ಹೊರಗೆ ಬಿಡುತ್ತದೆ. ನಿಧಾನದಲ್ಲಿ ಆ ಒತ್ತಡ ಇರುವುದಿಲ್ಲ, ಮುಂಬಾಗಿಲೂ ತೆರೆಯುವುದಿಲ್ಲ. ನೀರು ಒಳಗೇ ನಿಂತು ಕಾಯುತ್ತದೆ. ಪಕ್ಕದ ತೂತಿನ ನೀರು ನಮ್ಮದರಲ್ಲಿ ಥರ್ಮೋಸ್ಟಾಟಿಗಿಂತ ಮೊದಲೇ ಕವಲೊಡೆದು ಬರುತ್ತದೆ. ಹಾಗಾಗಿ ಧಕ್ಕೆಯವರ ಕಾಲು ಒದ್ದೆಯಾದದ್ದು ಪಂಪಿನ ಆರೋಗ್ಯಕ್ಕೆ ಸಾಕ್ಷಿ, ಅಷ್ಟೇ.

ಈಗ ಇಂಜಿನ್ ಎಷ್ಟು ನಿಧಾನ ಬೇಕಾದರೂ ಹೋಗುತ್ತದೆ. ಹೊಳೆಯಿಂದ ಬಂದ ಮೇಲೆ ಬಾವಿಯ ನೀರು ತುಂಬಿದ ಡ್ರಮ್ಮಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ಉಪ್ಪು ತೊಳೆಯುತ್ತೇನೆ. ಸುದ್ದಿ ಮಾತ್ರ ಊರೆಲ್ಲ ಹರಡಿದೆ. ಹೊಳೆಯಾಚೆಯ ಕಾಸರಕೋಡಿನಿಂದ ಒಬ್ಬರು ತಮ್ಮ ಥರ್ಮೋಸ್ಟಾಟನ್ನು ಪೇಪರಿನಲ್ಲಿ ಸುತ್ತಿಕೊಂಡು ಬೆಳಿಗ್ಗೆಯೇ ಬಾಗಿಲಿಗೆ ಬಂದಿದ್ದರು. ಅಮ್ಮ ಪೊಟ್ಟಣ ಬಿಚ್ಚಿ ನೋಡಿ, “ಕುದಿಸಿ ಕೊಡ್ತೆ, ಅದಕ್ಕೇನು. ಪಾತ್ರೆ ಮಾತ್ರ ನೀವೇ ತರ್ಬೇಕು” ಎಂದರು. ಮೇಷ್ಟ್ರು ಥರ್ಮಾಮೀಟರ್ ಹಿಡಿದು ಆಗಲೇ ಅಂಗಳದಲ್ಲಿದ್ದರು.