ಸರಿಯಾಗಿ 5000 ಗ್ರಾಹಕರು

ನಮ್ಮ ಮ್ಯಾನೇಜರ್‌ಗೆ ಆ ದಿನ ತುಂಬಾ ಖುಷಿ. "ನಮಗೆ ಈಗ ಸರಿಯಾಗಿ 5000 ಗ್ರಾಹಕರಿದ್ದಾರೆ" ಎಂದು ಮೀಟಿಂಗ್‌ನಲ್ಲಿ ಘೋಷಿಸಿದರು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಎಲ್ಲರೂ ತಲೆದೂಗಿದರು. ಲೆಕ್ಕ ಕೊಟ್ಟವನು ನಾನೇ ಆದ್ದರಿಂದ ನಾನು ಸ್ವಲ್ಪ ಜಾಸ್ತಿಯೇ ತಲೆದೂಗಿದೆ. ಅಕೌಂಟ್ಸ್ ವಿಭಾಗದ ಮೇಡಂ ಮಾತ್ರ ಪೆನ್ನು ಕೆಳಗಿಟ್ಟು, "ಹೋದ ತಿಂಗಳೂ 5000 ಇತ್ತಲ್ವಾ? ಅದಾದ ಮೇಲೆ ಒಬ್ಬರೂ ಸೇರಲಿಲ್ವಾ?" ಎಂದರು.

ಅಲ್ಲಿಂದ ಶುರುವಾಯಿತು ನೋಡಿ.

ನನ್ನ ಕೆಲಸ ಮೈಕ್ರೋಸಾಫ್ಟ್ ಡೈನಾಮಿಕ್ಸ್‌ನಲ್ಲಿ, ಅಂದರೆ ಕಂಪನಿಗಳು ಗ್ರಾಹಕರ ವಿವರಗಳನ್ನೆಲ್ಲ ಇಟ್ಟುಕೊಳ್ಳುವ ಸಾಫ್ಟ್‌ವೇರ್‌ನಲ್ಲಿ. ಅದರೊಳಗಿನ ಡೇಟಾವನ್ನು ಕೇಳಿ ತರಿಸಿಕೊಳ್ಳೋಕೆ ಫೆಚ್‌ಎಕ್ಸ್‌ಎಂಎಲ್ ಎಂಬ ಭಾಷೆ ಇದೆ. 'ಗ್ರಾಹಕರ ಹೆಸರು ಕೊಡು' ಎನ್ನೋಕೆ ಡೇಟಾಬೇಸ್‌ಗಳ ಮಾಮೂಲಿ ಭಾಷೆಯಾದ ಎಸ್‌ಕ್ಯುಎಲ್‌ನಲ್ಲಿ ಒಂದು ಸಾಲು ಸಾಕು. ಇಲ್ಲಿ ಹಾಗಿಲ್ಲ. ಮೊದಲು < > ಎಂಬ ಕೋನದ ಗುರುತುಗಳ ನಡುವೆ ಫೆಚ್ ಎಂಬ ಟ್ಯಾಗ್, ಅದರ ಹೊಟ್ಟೆಯಲ್ಲಿ ಎಂಟಿಟಿ, ಅಂದರೆ ಟೇಬಲ್, ಅದರೊಳಗೆ ಒಂದೊಂದು ಕಾಲಂಗೂ ಒಂದೊಂದು ಆಟ್ರಿಬ್ಯೂಟ್, ಆಮೇಲೆ ಫಿಲ್ಟರ್, ಫಿಲ್ಟರ್ ಒಳಗೆ ಕಂಡೀಷನ್, ಮತ್ತೆ ತೆರೆದ ಬಾಗಿಲನ್ನೆಲ್ಲ ಒಂದೊಂದಾಗಿ ಮುಚ್ಚಿಕೊಂಡು ವಾಪಸ್ ಬರಬೇಕು. ಕೈಯನ್ನು ತಲೆಯ ಹಿಂದಿನಿಂದ ಸುತ್ತಿ ತಂದು ಮೂಗು ಹಿಡಿದ ಹಾಗೆ. ಆದರೂ ಒಂದು ಪುಣ್ಯ, ಈ ಭಾಷೆಯಲ್ಲಿ ಓದೋಕೆ ಮಾತ್ರ ಆಗುತ್ತದೆ, ಅಳಿಸೋಕೆ ಆಗೋದಿಲ್ಲ. ಆಗಿದ್ದಿದ್ದರೆ ಇದನ್ನು ಬರೆಯೋ ಹೊತ್ತಿಗೆ ನಾನು ಬೇರೆ ಕೆಲಸ ಹುಡುಕುತ್ತಿರುತ್ತಿದ್ದೆ.

ಇನ್ನು 5000ದ ಕಥೆ. ಮಾಮೂಲಿ ಕ್ವೆರಿಗೆ, ಅಂದರೆ ಡೇಟಾ ಕೇಳುವ ಪ್ರಶ್ನೆಗೆ, ಸಿಸ್ಟಮ್ ಒಂದು ಸಲಕ್ಕೆ 5000 ಸಾಲು ಮಾತ್ರ ಕೊಡುತ್ತದೆ. ಉಳಿದದ್ದು ಬೇಕಾದರೆ ಎರಡನೇ ಪುಟ ಕೊಡು ಎಂದು ಕೇಳಬೇಕು. ಇನ್ನೂ ಇದೆ ಎಂದು ಉತ್ತರದ ಮೂಲೆಯಲ್ಲಿ ಒಂದು ಗುರುತನ್ನೂ ಇಟ್ಟಿರುತ್ತದೆ, ಪಾಪ. ನಾನು ಯಾವತ್ತೂ ಆ ಮೂಲೆಯ ಕಡೆ ನೋಡಿರಲಿಲ್ಲ. ತಿಂಗಳುಗಟ್ಟಲೆ ಮೊದಲ ಪುಟವನ್ನೇ ಎಣಿಸಿ ಎಣಿಸಿ ಕೊಟ್ಟಿದ್ದೆ.

ಸರಿ, ಪುಟ ತಿರುಗಿಸೋ ಲೂಪ್ ಬರೆದೆ. ಅದಕ್ಕೆ ಪೇಜಿಂಗ್ ಕುಕಿ ಎಂಬ ಚೀಟಿ ಬೇಕು, ಎಲ್ಲಿಗೆ ನಿಲ್ಲಿಸಿದ್ದೆವು ಎಂದು ನೆನಪಿಡೋಕೆ. ತಮಾಷೆ ಏನೆಂದರೆ ಆ ಚೀಟಿಯೂ ಎಕ್ಸ್‌ಎಂಎಲ್ಲೇ, ಅದೇ ಟ್ಯಾಗ್‌ಗಳ ಬರಹ. ಎಕ್ಸ್‌ಎಂಎಲ್ ಒಳಗೆ ಎಕ್ಸ್‌ಎಂಎಲ್ ತುರುಕಬೇಕು, ಅದಕ್ಕೆ ಒಳಗಿನದರ ಕೋನದ ಗುರುತುಗಳಿಗೆಲ್ಲ ವೇಷ ಹಾಕಿಸಬೇಕು. ವೇಷ ಹಾಕಿಸೋ ಗಡಿಬಿಡಿಯಲ್ಲಿ ಹೊಸ ಪುಟಸಂಖ್ಯೆಯನ್ನೂ ಚೀಟಿಯನ್ನೂ ಕ್ವೆರಿಗೆ ಸೇರಿಸೋದನ್ನೇ ಮರೆತೆ. ಪ್ರೋಗ್ರಾಂ ಮೊದಲ ಪುಟವನ್ನೇ ಮತ್ತೆ ಮತ್ತೆ ತಂದಿತು. ನಾನು ಊಟ ಮುಗಿಸಿ ಬಂದು ನೋಡಿದರೆ ಗ್ರಾಹಕರ ಸಂಖ್ಯೆ ಆರು ಲಕ್ಷ ದಾಟಿ ಇನ್ನೂ ಉತ್ಸಾಹದಿಂದ ಏರುತ್ತಿತ್ತು. ಮ್ಯಾನೇಜರ್ ಬೆನ್ನ ಹಿಂದೆ ನಿಂತು, "ಪರವಾಗಿಲ್ಲ, ಬೆಳವಣಿಗೆ ಚೆನ್ನಾಗಿದೆ" ಎಂದರು. ನಿಜವಾದ ಲೆಕ್ಕ 11 ಸಾವಿರ ಚಿಲ್ಲರೆ.

ಒಂದು ಕಂಪನಿಯ ಹೆಸರಿನಲ್ಲಿ 'ಮತ್ತು' ಎನ್ನುವ ಆ & ಸುರುಳಿ ಗುರುತು ಇದ್ದಿದ್ದಕ್ಕೆ ಇಡೀ ಕ್ವೆರಿ ಮಗುಚಿ ಬಿದ್ದಿದ್ದು, ವರ್ಡ್‌ನಿಂದ ಕಾಪಿ ಮಾಡಿದಾಗ ನೆಟ್ಟಗಿದ್ದ ಉದ್ಧರಣ ಚಿಹ್ನೆ ಸೊಟ್ಟಗಾಗಿ ಒಂದು ಮಧ್ಯಾಹ್ನವನ್ನೇ ನುಂಗಿದ್ದು, ಇವನ್ನೆಲ್ಲ ಸುಮ್ನೆ ಬಿಟ್ಟುಬಿಡುತ್ತೇನೆ. ಅವು ಕನಿಷ್ಠ ಪಕ್ಷ ತಪ್ಪು ಎಂದು ಕಿರುಚುತ್ತವೆ. ನನಗೆ ಭಯ ಇರೋದು ಕಿರುಚದೆ ನಗುನಗುತ್ತಾ ಉತ್ತರ ಕೊಡುವ ಕ್ವೆರಿಗಳ ಮೇಲೆ.

ಉದಾಹರಣೆಗೆ, ಗ್ರಾಹಕರ ಪಟ್ಟಿಯ ಪಕ್ಕದಲ್ಲೇ ಅವರ ದೂರುಗಳನ್ನೂ ಹಾಕಿಕೊಡಿ ಎಂದಿದ್ದರು. ಎರಡು ಟೇಬಲ್ ಜೋಡಿಸೋಕೆ ಲಿಂಕ್ ಎಂಟಿಟಿ ಬರೆಯಬೇಕು. ಅದರಲ್ಲಿ ಫ್ರಮ್ ಮತ್ತು ಟು ಎಂದು ಎರಡಿವೆ. ಇಂದ ಮತ್ತು ಗೆ, ಇದರಲ್ಲಿ ಗೊಂದಲ ಆಗೋಕೆ ಏನಿದೆ ಅನ್ನಿಸುತ್ತೆ ಅಲ್ವಾ? ಗ್ರಾಹಕರಿಂದ ಹೊರಟು ದೂರಿಗೆ ಹೋಗುತ್ತಿದ್ದೇವೆ, ಹಾಗಾಗಿ ಫ್ರಮ್ ಅಂದರೆ ಗ್ರಾಹಕರ ಕಾಲಂ ಇರಬೇಕು ಎಂದು ಯಾರಿಗಾದರೂ ತೋಚುತ್ತದೆ. ಅಲ್ಲ, ಉಲ್ಟಾ. ಫ್ರಮ್ ಎಂದರೆ ನಾವು ಹೋಗಿ ಸೇರುವ ಟೇಬಲ್ಲಿನ ಕಾಲಂ, ಟು ಎಂದರೆ ನಾವು ಹೊರಟ ಟೇಬಲ್ಲಿನದು. ಇದನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಂಡಿದ್ದೇನೆ. ಆ ಚೀಟಿಯನ್ನೂ ಒಂದು ಸಲ ತಪ್ಪಾಗಿ ಬರೆದಿದ್ದೆ.

ಅದೇನೋ ಸರಿಹೋಯಿತು. ಆದರೆ ಲಿಂಕ್ ಟೈಪ್ ಏನು ಎಂದು ಹೇಳದೆ ಬಿಟ್ಟರೆ ಅದು ಇನ್ನರ್ ಎಂದುಕೊಳ್ಳುತ್ತದೆ, ಎಂದರೆ ಎರಡೂ ಕಡೆ ಇದ್ದವರಿಗೆ ಮಾತ್ರ ಜಾಗ. ದೂರು ಕೊಡದ ಗ್ರಾಹಕರೆಲ್ಲ ಸದ್ದಿಲ್ಲದೆ ಮಾಯವಾದರು. ವರದಿಯ ಪ್ರಕಾರ ನಮ್ಮ ಕಂಪನಿಯ ಮೇಲೆ ದೂರು ಕೊಡದ ಒಬ್ಬನೇ ಒಬ್ಬ ಗ್ರಾಹಕನೂ ಉಳಿದಿರಲಿಲ್ಲ. ಆ ದಿನ ಮ್ಯಾನೇಜರ್ ಮುಖ ನೋಡಬೇಕಿತ್ತು. ಗ್ರಾಹಕ ಸೇವೆಯವರ ಮುಖ ಬೇಡವೇ ಬೇಡ. ಔಟರ್ ಎಂದು ತಿದ್ದಿದೆ, ಎಲ್ಲರೂ ವಾಪಸ್ ಬಂದರು. ಹನ್ನೆರಡು ದೂರು ಕೊಟ್ಟ ಒಬ್ಬ ಪುಣ್ಯಾತ್ಮ ಮಾತ್ರ ಹನ್ನೆರಡು ಸಲ ಬಂದ.

ಮೊನ್ನೆ ಮುಚ್ಚಿದ ದೂರುಗಳ ಲೆಕ್ಕ ಕೇಳಿದರು. ಈಗ ನಾನು ಹುಷಾರಾಗಿದ್ದೇನಲ್ಲ, ಪುಟ ತಿರುಗಿಸಿ, ಮೂಲೆಯ ಗುರುತು ನೋಡಿ, ಎರಡೆರಡು ಸಲ ಎಣಿಸಿದೆ. ಉತ್ತರ ಸರಿಯಾಗಿ 5000 ಬಂತು. ನನ್ನ ಎದೆ ಧಸಕ್ಕೆಂದಿತು. ಅರ್ಧ ದಿನ ಕೂತು ಎಲ್ಲಾ ಕಡೆಯಿಂದ ಪರೀಕ್ಷಿಸಿದೆ. ನಿಜವಾಗಲೂ ಅಷ್ಟೇ ಇದ್ದವು.

"ಸರ್, ಈ ಸಲ ನಿಜವಾಗಲೂ 5000" ಎಂದೆ.

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಒಂದು ಕೆಲಸ ಮಾಡಿ, 5001 ಆದ ಮೇಲೆ ಕಳಿಸಿ" ಎಂದರು.

ಸಂಜೆ ಯಾರದೋ ಒಂದು ದೂರು ಮುಚ್ಚಿತು. ಕಳಿಸಿದೆ.